ಎಂಟಡಿ ಮಣ್ಣು ಬಿಡಿ ಸ್ವಾಮಿ

ಮೊನ್ನೆ ಭಾನುವಾರ ನಮ್ಮ ಬೀದಿಯಲ್ಲಿ ಇನ್ನೊಂದು ಗೃಹಪ್ರವೇಶ. ಊಟದ ಬಗ್ಗೆ ದೂರಿಲ್ಲ, ಹೋಳಿಗೆ ಎರಡು ಸಲ ಹಾಕಿಸ್ಕೊಂಡೆ. ನನ್ನ ತಕರಾರು ಮನೆ ಬಗ್ಗೆ. ಯಜಮಾನ್ರು ರಿಟೈರ್ ಆಗಿ ಆರು ತಿಂಗಳಾಯ್ತಂತೆ. ಬಂದ ಪಿಎಫ್ ದುಡ್ಡನ್ನೆಲ್ಲ ಸುರಿದು 30-40 ಸೈಟಲ್ಲಿ ಮನೆ ಕಟ್ಟಿಸಿದ್ದಾರೆ. ಗೇಟಿಂದ ಹಿಡಿದು ಹಿಂದಿನ ಕಾಂಪೌಂಡ್ ಗೋಡೆವರೆಗೂ ಗ್ರಾನೈಟು. "ಒಂದು ಹುಲ್ಲುಕಡ್ಡಿ ಹುಟ್ಟಲ್ಲ ನೋಡಿ ಸಾರ್, ಮೇಂಟೆನೆನ್ಸೇ ಇಲ್ಲ" ಅಂತ ಅಪ್ಪನ ಕೈ ಹಿಡ್ಕೊಂಡು ತೋರಿಸಿದ್ರು.

ಅಪ್ಪ ಉಡುಗೊರೆ ಅಂತ ಒಂದು ಕರಿಬೇವಿನ ಸಸಿ ತಗೊಂಡು ಹೋಗಿದ್ರು. ಯಜಮಾನ್ರು ಖುಷಿಯಾಗೇ ಇಸ್ಕೊಂಡ್ರು. ಆಮೇಲೆ ಅತ್ತ ನೋಡಿದ್ರು, ಇತ್ತ ನೋಡಿದ್ರು.. ಎಲ್ಲಿ ಇಡೋದು? ಕೊನೆಗೆ ತಾರಸಿಗೆ ಹೋಗೋ ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕ ಇಟ್ಟರು. ವಾಪಸ್ ಬರ್ತಾ ಅಪ್ಪ ಆಡಿದ್ದು ಒಂದೇ ಮಾತು, "ಆ ಮನುಷ್ಯ ನಾಳೆ ಬೆಳಗ್ಗೆ ಎದ್ದು ಏನ್ ಮಾಡ್ತಾನೆ?"

ಆ ಪ್ರಶ್ನೆ ತಲೆಯಿಂದ ಹೋಗ್ಲಿಲ್ಲ. ರಾತ್ರಿ ಹೊತ್ತಿಗೆ ಅದು ಸಿಟ್ಟಾಯ್ತು. ಪಾಪ, ಆ ಯಜಮಾನ್ರ ಮೇಲಲ್ಲ. ಅವರಿಗೆ ಪ್ಲ್ಯಾನ್ ಹಾಕಿಕೊಟ್ಟ ಇಂಜಿನಿಯರ್ ಮೇಲೆ, ಕಂಟ್ರಾಕ್ಟರ್ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ "ಅಪ್ಪಾ, ಟೈಲ್ಸ್ ಹಾಕಿಸಿಬಿಡಿ, ಕ್ಲೀನಾಗಿರುತ್ತೆ" ಅಂತ ಹೇಳಿರಬಹುದಾದ ಅವರ ಮಕ್ಕಳ ಮೇಲೆ, ಅಂದ್ರೆ ನನ್ನಂಥವರ ಮೇಲೆ. ಅದಕ್ಕೇ ಇದನ್ನ ಬರೀತಿದ್ದೀನಿ. ಹೇಳೋದು ಇಷ್ಟೇ: ರಿಟೈರ್ ಆದವರಿಗೆ ಅಂತ ಮನೆ ಕಟ್ಟಿ ಅದರಲ್ಲಿ ಒಂದು ಹಿಡಿ ಮಣ್ಣೂ ಬಿಡದೇ ಇರೋದು ತಪ್ಪು. ಅದು ಬರೀ ಅಭಿರುಚಿಯ ಪ್ರಶ್ನೆ ಅಲ್ಲ. ಆ ಮನೆಯಲ್ಲಿ ಇರೋರಿಗೂ ಅನ್ಯಾಯ, ಪಕ್ಕದ ಮನೆಯವರಿಗೂ ಅನ್ಯಾಯ, ಊರಿಗೂ ಅನ್ಯಾಯ.

ನಾನೇನು ಸಾಚಾ ಅಲ್ಲ. ಮೊದಲು ಅದನ್ನ ಒಪ್ಪಿಕೊಂಡುಬಿಡ್ತೀನಿ. ನಮ್ಮಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ 33 ವರ್ಷ ಲೇತ್ ಮುಂದೆ ನಿಂತವರು. ಅಷ್ಟೂ ವರ್ಷ ನಾವಿದ್ದದ್ದು ಅಲ್ಲೇ ಒಂದು ವಠಾರದ ಬಾಡಿಗೆ ಮನೆಯಲ್ಲಿ. ಕೆಂಗೇರಿಯಿಂದ ಆಚೆ ಯಾವತ್ತೋ ಕಂತಿನಲ್ಲಿ ತಗೊಂಡಿದ್ದ ಸೈಟಲ್ಲಿ ಮನೆ ಕಟ್ಟೋದು ಅಂತಾದಾಗ ಪ್ಲ್ಯಾನು, ಲೋನು ಎಲ್ಲ ನನ್ನ ಪಾಲಿಗೆ ಬಂತು. ನಾನು ಏನು ಮಾಡ್ದೆ? ಸಾಫ್ಟ್‌ವೇರ್‌ನವರು ಏನು ಮಾಡ್ತಾರೋ ಅದನ್ನೇ. ಎಕ್ಸೆಲ್ ಶೀಟ್ ತೆಗೆದೆ :-)

ಆ ಶೀಟ್ ಪ್ರಕಾರ ಹಿತ್ತಲಿನ ಕಡೆ ಎಂಟಡಿ ಜಾಗ ಬಿಡೋದು ಶುದ್ಧ ದಂಡ. ಎಂಟಡಿ ಇಂಟು ಮೂವತ್ತಡಿ, 240 ಚದರಡಿ. ಮನೆ ಹಿಂದಕ್ಕೆ ಸರಿಸಿದ್ರೆ ಒಂದು ಚಿಕ್ಕ ಬಾಡಿಗೆ ಮನೆ ಆಗುತ್ತೆ, ತಿಂಗಳಿಗೆ ಒಂಬತ್ತು ಸಾವಿರ. ಅಪ್ಪನಿಗೆ ಅದನ್ನ ಲ್ಯಾಪ್‌ಟಾಪಲ್ಲಿ ತೋರಿಸಿದೆ. ಅವರು ಕನ್ನಡಕ ಹಾಕ್ಕೊಂಡು ಪೂರ್ತಿ ನೋಡಿ, "ಎಲ್ಲ ಸರಿಯಾಗಿದೆ ಪುಟ್ಟಾ, ಇದರಲ್ಲಿ ನಾನು ಎಲ್ಲಿದೀನಿ?" ಅಂದ್ರು. ನನಗೆ ಆಗ ಅರ್ಥ ಆಗ್ಲಿಲ್ಲ. ಮೂರು ದಿನ ವಾದ ಮಾಡಿದೆ. ಸೋತೆ. ಎಂಟಡಿ ಉಳೀತು.

2023ರ ಫೆಬ್ರುವರಿಯಲ್ಲಿ ಹಾಲು ಉಕ್ಕಿಸಿ ಒಳಗೆ ಬಂದ್ವಿ. ಅಮ್ಮನಿಗೆ ಈ ಕಡೆ ಬರೋಕೆ ಇಷ್ಟವೇ ಇರಲಿಲ್ಲ. ರಾಜಾಜಿನಗರ ಬಿಟ್ರೆ ಅವಳ ಪಾಲಿಗೆ ಬೆಂಗಳೂರೇ ಮುಗೀತು. 2021ರ ಆಗಸ್ಟ್‌ನಲ್ಲೇ ಕೆಂಗೇರಿವರೆಗೆ ಮೆಟ್ರೋ ಬಂದಿತ್ತು, ಅದೊಂದೇ ಸಮಾಧಾನ. ವಿಜಯನಗರದಲ್ಲಿ ಇಳಿದು ಮಾರ್ಕೆಟ್ ಮಾಡ್ಕೊಂಡು ಬರ್ತಿದ್ಲು, ಇಲ್ಲಿ ಅಂಗಡಿ ಇಲ್ಲ ಅಂತಲ್ಲ, ಇಲ್ಲಿ ಮಾತಾಡೋರಿಲ್ಲ ಅಂತ. ಅಪ್ಪನದು ಇನ್ನೊಂದು ಥರ. ಬೆಳಗ್ಗೆ ಐದಕ್ಕೆ ಎಚ್ಚರ ಆಗ್ತಿತ್ತು, ಶಿಫ್ಟ್ ಅಭ್ಯಾಸ. ಆರಕ್ಕೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಷರ್ಟ್ ಹಾಕ್ಕೊಂಡು, ಸೋಫಾದ ಮೇಲೆ ಕೂತುಬಿಡ್ತಿದ್ರು. ಎಲ್ಲಿಗೂ ಹೋಗೋದಿಲ್ಲ. ಪೇಪರ್ ಓದಿ ಮುಗಿದ್ರೂ ಹಾಗೇ ಕೂತಿರ್ತಿದ್ರು. ಅದನ್ನ ನೋಡಿದವರಿಗೇ ಗೊತ್ತು ಅದು ಎಷ್ಟು ಹೆದರಿಕೆ ಹುಟ್ಟಿಸುತ್ತೆ ಅಂತ.

ಹಿತ್ತಲಲ್ಲಿ ಇದ್ದದ್ದು ಮಣ್ಣಲ್ಲ, ಮನೆ ಕಟ್ಟಿದ ಕಸ. ಸಿಮೆಂಟ್ ಹೆಂಟೆ, ಒಡೆದ ಟೈಲು, ಮೊಳೆ, ಥರ್ಮೋಕೋಲು. ಒಂದಿನ ಅಪ್ಪ ಇಸ್ತ್ರಿ ಷರ್ಟ್ ಬಿಚ್ಚಿಟ್ಟು ಬನಿಯನ್ನಲ್ಲಿ ಹಿತ್ತಲಿಗೆ ಇಳಿದ್ರು. ಮೇಸ್ತ್ರಿ ಬಿಟ್ಟುಹೋಗಿದ್ದ ಮರಳಿನ ಜರಡಿ ತಗೊಂಡು ಜರಡಿ ಹಿಡಿಯೋಕೆ ಶುರು ಮಾಡಿದ್ರು. ಎರಡು ತಿಂಗಳು! ಕೊಮ್ಮಘಟ್ಟದ ಕಡೆ ಹಸು ಸಾಕಿರೋ ಮನೆಯಿಂದ ಸ್ಕೂಟರ್ ಮೇಲೆ ಮೂಟೆ ಮೂಟೆ ಗೊಬ್ಬರ ತಂದ್ರು. ಲಾಲ್‌ಬಾಗ್‌ನ ನರ್ಸರಿ ಸೊಸೈಟಿಯಿಂದ ಸಸಿ ಬಂತು. ಯುಗಾದಿ ಹೊತ್ತಿಗೆ ಬೀದಿಯಲ್ಲಿದ್ದ ಬೇವು ಹೂ ಬಿಟ್ಟಿತ್ತು, ಹೊಂಗೆ ಹೂವು ಪುರಿ ಚೆಲ್ಲಿದ ಹಾಗೆ ಉದುರೋಕೆ ಶುರುವಾಗಿತ್ತು. ಅಪ್ಪ ಅದನ್ನೂ ಗುಡಿಸಿ ತಂದು ಪಾತಿಗೆ ಹಾಕಿದ್ರು. ಎದುರು ಮನೆಯವರು ಕಸ ಅಂತ ಸುಡೋದನ್ನ ಇವರು ಕೇಳಿ ತರ್ತಿದ್ರು.

ಅಲ್ಲಿಂದ ಮುಂದೆ ನಮ್ಮ ಮನೆಯ ಕ್ಯಾಲೆಂಡರೇ ಬದಲಾಯ್ತು. ಜೂನ್ ಅಂದ್ರೆ ನನಗೆ ಅಪ್ರೈಸಲ್ಲು, ಅಪ್ಪನಿಗೆ ಹೀರೆ, ಪಡವಲದ ಬೀಜ. ಮಳೆ ಹಿಡಿದರೆ ನುಗ್ಗೆ ಮರಕ್ಕೆ ಕಂಬಳಿ ಹುಳ, ಸಂಜೆಗೆ ಕಾಂಪೌಂಡ್ ಮೇಲೆ ಬಸವನಹುಳುಗಳ ಜಾತ್ರೆ. ಅಪ್ಪ ಟಾರ್ಚ್ ಹಿಡ್ಕೊಂಡು ಒಂದೊಂದಾಗಿ ಹೆಕ್ಕಿ ಉಪ್ಪು ನೀರಿನ ಬಕೆಟ್ಟಿಗೆ ಹಾಕೋರು, ಅಮ್ಮ "ರೀ, ಪಾಪ ಸುತ್ಕೊಳ್ಳುತ್ತೆ" ಅಂತ ಬಾಗಿಲಲ್ಲಿ ನಿಂತು ಬೈಯೋಳು. ಅವಳ ಪಾಲಿಗೆ ಬೇಕಿದ್ದದ್ದು ಹೂವು ಮಾತ್ರ. ಗೋಡೆ ಪಕ್ಕದ ಆರಡಿ ಅವಳ ರಾಜ್ಯ. ದಾಸವಾಳ, ನಂದಿಬಟ್ಟಲು, ಕನಕಾಂಬರ, ಮಲ್ಲಿಗೆ. ಅಲ್ಲಿ ಅಪ್ಪ ಬದನೆ ಸಸಿ ಇಟ್ಟರೆ ಮರುದಿನ ಅದು ನಾಪತ್ತೆ. ಡಿಸೆಂಬರಿಗೆ ಅವರೆ ಬಳ್ಳಿ ಕಾಯಿ ಹಿಡೀತು. ನಮ್ಮದೇ ಸೊಗಡಿನ ಅವರೆಕಾಯಿ! ಒಂದು ವಾರ ಬರೀ ಹಿದಕಿದ್ದೇ ಹಿದಕಿದ್ದು.

ಮತ್ತೆ ಮಾತಾಡೋರಿಲ್ಲ ಅಂತಿದ್ದ ಅಮ್ಮ? ಹೊಸ ಬಡಾವಣೆಗಳ ಕಥೆ ನಿಮಗೆ ಗೊತ್ತಲ್ಲ, ಯಾರ ಮುಖ ಯಾರೂ ನೋಡಲ್ಲ, ಗೇಟ್ ಮೇಲೆ "ನಾಯಿ ಇದೆ ಎಚ್ಚರಿಕೆ" ಮಾತ್ರ ಮಾತಾಡುತ್ತೆ. ನಮ್ಮ ಮನೆಗೆ ಮೊದಲು ಬಂದದ್ದು ಎರಡು ಎಸಳು ಕರಿಬೇವು ಕೇಳ್ಕೊಂಡು ಬಂದ ಪಕ್ಕದ ಬೀದಿಯ ಹುಡುಗಿ. ಆಮೇಲೆ ಅವಳ ಅತ್ತೆ. ಆಮೇಲೆ ಮಗುವಿಗೆ ಕೆಮ್ಮು ಅಂತ ದೊಡ್ಡಪತ್ರೆ ಕೇಳ್ಕೊಂಡು ಇನ್ನೊಬ್ಬರು. ಗ್ರಾನೈಟ್ ನೆಲ ಕೇಳ್ಕೊಂಡು ಯಾರೂ ಯಾರ ಮನೆಗೂ ಬರಲ್ಲ ಸ್ವಾಮಿ.

ಇದೆಲ್ಲ ಚೆಂದದ ಕಥೆ, ಆದ್ರೆ ನಮಗೆ ಆಗೋದಲ್ಲ ಅಂತೀರಾ. ಗೊತ್ತು. ಗೃಹಪ್ರವೇಶದಲ್ಲಿ ಊಟದ ಸಾಲಲ್ಲಿ ಕೂತು ಎಲ್ಲ ವಾದವನ್ನೂ ಕೇಳಿಸ್ಕೊಂಡೇ ಬಂದಿದ್ದೀನಿ. ಒಂದೊಂದಾಗಿ ನೋಡೋಣ.

ಮಣ್ಣಿದ್ರೆ ಸೊಳ್ಳೆ ಬರುತ್ತೆ. ತಪ್ಪು. ಡೆಂಗೆ ಹರಡೋ ಸೊಳ್ಳೆ ಮೊಟ್ಟೆ ಇಡೋದು ನಿಂತ ತಿಳಿನೀರಲ್ಲಿ. ಮುಚ್ಚಳ ಇಲ್ಲದ ಡ್ರಮ್ಮು, ಸಂಪು, ಫ್ರಿಜ್ ಹಿಂದಿನ ಟ್ರೇ, ತಾರಸಿ ಮೇಲೆ ಬಿಸಾಕಿದ ಟೈರು, ಕುಂಡದ ಕೆಳಗಿನ ತಟ್ಟೆ. ನೀರು ಕುಡಿಯೋ ಮಣ್ಣಲ್ಲಿ ಅಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗೆಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸೋ ಮಟ್ಟಕ್ಕೆ ಹೋಯ್ತಲ್ಲ, ಆ ವರ್ಷ ನಮ್ಮ ಬೀದಿಯಲ್ಲಿ ಮೊದಲು ಮಲಗಿದವರು ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕ್ಸಿದ್ದ ಮನೆಯವರು. ಅಂಗಳ ಫಳಫಳ ಅಂತಿತ್ತು, ಮುಚ್ಚಳ ಇಲ್ಲದ ಡ್ರಮ್ಮು ತಾರಸಿ ಮೇಲಿತ್ತು.

ಹಾವು ಬರುತ್ತೆ. ಕೆಂಗೇರಿ ಕಡೆ ಹಾವು ಇರೋದು ನಿಜ, ನಾವು ಬಂದು ಕೂತಿರೋದೇ ಅವುಗಳ ಜಾಗದಲ್ಲಿ. ಆದರೆ ಹಾವು ಬರೋದು ಹೆಗ್ಗಣ, ಇಲಿ ಹುಡುಕ್ಕೊಂಡು. ಹೆಗ್ಗಣ ಬರೋದು ಮೂಲೆಯ ಖಾಲಿ ಸೈಟಲ್ಲಿ ನಾವೇ ಕವರಲ್ಲಿ ಕಟ್ಟಿ ಎಸೀತೀವಲ್ಲ, ಆ ಅನ್ನ ಸಾರಿಗೆ. ಹಿತ್ತಲು ದಿನಾ ಓಡಾಡೋ ಜಾಗ ಆದ್ರೆ ಹಾವೂ ಅಲ್ಲಿ ನಿಲ್ಲಲ್ಲ.

ಮುಂದೆ ನೀರು. "ಕುಡಿಯೋಕೇ ನೀರಿಲ್ಲ, ಗಿಡಕ್ಕೆ ಎಲ್ಲಿಂದ ತರೋದು?" ಇದು ಗಟ್ಟಿ ವಾದ. ನಾವು ಬಂದ ವರ್ಷವೇ ಮಳೆ ಕೈಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಆಯ್ತು. 2024ರ ಮಾರ್ಚಲ್ಲಿ ಬೆಂಗಳೂರಿನ ಬೋರ್ವೆಲ್‌ಗಳು ಸಾಲಾಗಿ ಬತ್ತಿದ್ವು. ಕುಡಿಯೋ ನೀರನ್ನ ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ ಐದು ಸಾವಿರ ದಂಡ ಅಂತ ಜಲಮಂಡಳಿ ಆದೇಶ ಮಾಡ್ತು. ಏಪ್ರಿಲ್ 28ಕ್ಕೆ 38.5 ಡಿಗ್ರಿ. ಬೆಂಗಳೂರಲ್ಲಿ! ನಮ್ಮ ಹಿತ್ತಲಲ್ಲೂ ಸಾವಾಯ್ತು. ಗುಲಾಬಿ ಹೋಯ್ತು, ಮೆಂತ್ಯ, ದಂಟು ಹೋಯ್ತು. ಅಕ್ಕಿ ತೊಳೆದ ನೀರು, ಬಟ್ಟೆ ಹಿಂಡಿದ ಕೊನೇ ನೀರು, ಬಚ್ಚಲ ನೀರು ಅಂತ ಅಮ್ಮ ಬಕೆಟ್ ಎಣಿಸಿ ಎಣಿಸಿ ಬಾಳೆ, ಮಲ್ಲಿಗೆ, ನುಗ್ಗೆ ಉಳಿಸಿದ್ಲು. ಆ ಒಂದೂವರೆ ತಿಂಗಳು ಅಪ್ಪ ಹಿತ್ತಲಿನ ಬಾಗಿಲು ತೆಗೆಯೋದೇ ಕಡಿಮೆ ಮಾಡಿದ್ರು.

ಆದ್ರೆ ಆ ಬರ ಯಾವ ಕಡೆಯ ವಾದ ಅಂತ ಲೆಕ್ಕ ಹಾಕಿ ನೋಡಿ. ಅದೇ 2024ರ ಜೂನ್ 2ನೇ ತಾರೀಕು ನಗರದಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆಯನ್ನ ಮುರೀತು. ನಮ್ಮ ತಾರಸಿ 900 ಚದರಡಿ, ಹತ್ತಿರ ಹತ್ತಿರ 84 ಚದರ ಮೀಟರು. ಅಷ್ಟೇ ಮಳೆ ಅಲ್ಲೂ ಬಿದ್ದಿದೆ ಅಂದ್ಕೊಂಡ್ರೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಒಂದೂವರೆ ಟ್ಯಾಂಕರ್, ಒಂದೇ ದಿನಕ್ಕೆ, ಬಿಟ್ಟಿ! ಮೂರು ತಿಂಗಳ ಹಿಂದೆ ಅದೇ ಟ್ಯಾಂಕರಿಗೆ ಜಿಲ್ಲಾಡಳಿತ ದರ ನಿಗದಿ ಮಾಡೋ ಪರಿಸ್ಥಿತಿ ಬಂದಿತ್ತು ನೆನಪಿದೆಯಾ? ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಅಂತಾರೆ. 30-40ರ ಒಂದು ಸೈಟ್ ಮೇಲೆ ಬೀಳೋದು ವರ್ಷಕ್ಕೆ ಒಂದು ಲಕ್ಷ ಲೀಟರಿಗಿಂತ ಜಾಸ್ತಿ. ಗ್ರಾನೈಟ್ ಮನೆಯವರ ಲಕ್ಷ ಲೀಟರು ಎಲ್ಲಿಗೆ ಹೋಗುತ್ತೆ? ಗೇಟಿಂದ ರಸ್ತೆಗೆ, ರಸ್ತೆಯಿಂದ ಮೋರಿಗೆ, ಮೋರಿಯಿಂದ ವೃಷಭಾವತಿಗೆ. ಒಂದು ಕಾಲದಲ್ಲಿ ನದಿ ಆಗಿದ್ದ ಆ ವೃಷಭಾವತಿ ಕೊಳಚೆ ಹೊತ್ಕೊಂಡು ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ. ನಾವು ಮಾತ್ರ ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನ ಬೆಟ್ಟ ಹತ್ತಿಸಿ ತರಿಸ್ಕೊಂಡು ಕೂತಿರ್ತೀವಿ.

ಮಳೆ ನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನಾಗಿದೆ. ನಮ್ಮ ಕಡೆ ಅದನ್ನ ಹೇಗೆ ಪಾಲಿಸ್ತಾರೆ ಗೊತ್ತಾ? ಒಂದು ಪೈಪು, ಒಂದು ಡ್ರಮ್ಮು, ಒಂದು ಫೋಟೋ. ಅಪ್ಪ ಹಿತ್ತಲ ಮೂಲೆಯಲ್ಲಿ ಮೂರಡಿ ಅಗಲದ ಇಂಗು ಬಾವಿ ತೋಡಿಸಿದ್ರು. ಬಾವಿ ತೋಡೋದನ್ನೇ ಕಸುಬು ಮಾಡ್ಕೊಂಡ ಭೋವಿ ಜನ ಬಂದು, ಇಪ್ಪತ್ತಡಿ ಇಳಿದು, ಸಿಮೆಂಟ್ ರಿಂಗ್ ಇಳಿಸಿ ಹೋದ್ರು. ತಾರಸಿ ನೀರು ಅದಕ್ಕೆ ಹೋಗುತ್ತೆ. ನಮ್ಮ ಬೋರ್ವೆಲ್ ಅದರಿಂದಲೇ ತುಂಬುತ್ತೆ ಅಂತ ಜಂಬ ಕೊಚ್ಚಲ್ಲ, ಒಂದು ಮನೆಯಿಂದ ಅದು ಆಗೋದೂ ಇಲ್ಲ. ಆದ್ರೆ ಬೀದಿಯ ನಲವತ್ತು ಮನೆಯವರೂ ಮಾಡಿದ್ರೆ? ವರ್ಷಕ್ಕೆ ನಲವತ್ತು ಲಕ್ಷ ಲೀಟರ್ ಮಳೆ ಬೀಳೋ ಬೀದಿ ಇದು. ಟ್ಯಾಂಕರಿಗೆ ಕಾಯೋ ಬೀದಿಯೂ ಇದೇ.

ಇನ್ನು ಸೆಟ್‌ಬ್ಯಾಕ್ ವಿಷಯ. ಇದರಲ್ಲಿ ನನಗೆ ನಿಜವಾಗ್ಲೂ ರಕ್ತ ಕುದಿಯುತ್ತೆ. ಮನೆ ಸುತ್ತ ಇಂತಿಷ್ಟು ಜಾಗ ಬಿಡಬೇಕು ಅಂತ ನಿಯಮ ಇದೆ. ಬಿಡೋರು ಯಾರು? ನಮ್ಮ ಹಿತ್ತಲು ಇರೋದು ದಕ್ಷಿಣಕ್ಕೆ. ಅದರಾಚೆಗಿನ ಸೈಟು ಮೊದಲ ವರ್ಷ ಖಾಲಿ ಇತ್ತು. 2024ರಲ್ಲಿ ಅಲ್ಲಿ ಮೂರಂತಸ್ತು ಎದ್ದಿತು, ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ. ಒಂದಡಿ ಬಿಟ್ಟಿಲ್ಲ. ಆ ಮಳೆಗಾಲದಲ್ಲಿ ಏನೂ ಗೊತ್ತಾಗ್ಲಿಲ್ಲ, ಜೂನಲ್ಲಿ ಸೂರ್ಯ ನೆತ್ತಿ ಮೇಲೇ ಇರ್ತಾನೆ. ಗೊತ್ತಾಗಿದ್ದು ಡಿಸೆಂಬರಲ್ಲಿ. ಆಗ ನಮ್ಮೂರಲ್ಲಿ ನಡುಮಧ್ಯಾಹ್ನ ಕೂಡ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, 54 ಡಿಗ್ರಿಗಿಂತ ಮೇಲೆ ಹತ್ತಲ್ಲ. ಹತ್ತು ಮೀಟರ್ ಎತ್ತರದ ಗೋಡೆಯ ನೆರಳು ಏಳು ಮೀಟರ್ ದಾಟುತ್ತೆ. ನಮ್ಮದು ಎಂಟಡಿ. ಪೂರ್ತಿ ನೆರಳು. ಆ ವರ್ಷ ಅವರೆ ಬಳ್ಳಿ ಚಪ್ಪರದ ತುಂಬ ಎಲೆ ಬಿಟ್ಟಿತು, ಹೂ ಬಿಡಲಿಲ್ಲ. ಅಪ್ಪ ಗೊಬ್ಬರ ಹಾಕಿದ್ರು, ಹುಳಿ ಮಜ್ಜಿಗೆ ಹೊಡೆದ್ರು, ಚಿವುಟಿ ನೋಡಿದ್ರು. ಏನೂ ಆಗ್ಲಿಲ್ಲ. ಸಂಕ್ರಾಂತಿಗೆ ಅವರೆಕಾಯಿ ದುಡ್ಡು ಕೊಟ್ಟು ತಂದ್ವಿ.

ಸೆಟ್‌ಬ್ಯಾಕ್ ಅಂದ್ರೆ ಸರ್ಕಾರ ನಿಮ್ಮಿಂದ ಕಿತ್ಕೊಂಡ ಜಾಗ ಅಲ್ಲ ಸ್ವಾಮಿ, ಅದು ಪಕ್ಕದ ಮನೆಯವರ ಬಿಸಿಲು. ಅದನ್ನ ನುಂಗಿದವರನ್ನ ನಮ್ಮ ಸರ್ಕಾರಗಳು ಏನು ಮಾಡಿದ್ವು? ಅಕ್ರಮ-ಸಕ್ರಮ! 2007ರಲ್ಲಿ ಕಾನೂನು ತಿದ್ದಿದ್ರು. ವಾಸದ ಮನೆಗೆ ಶೇಕಡ 50ರವರೆಗೆ, ವಾಣಿಜ್ಯ ಕಟ್ಟಡಕ್ಕೆ ಶೇಕಡ 25ರವರೆಗೆ ಉಲ್ಲಂಘನೆ ಇದ್ರೆ ದಂಡ ಕಟ್ಟಿಸ್ಕೊಂಡು ಸಕ್ರಮ ಮಾಡೋ ಯೋಜನೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದ್ರೆ ಅಷ್ಟರಲ್ಲಿ ಜನಕ್ಕೆ ಪಾಠ ಚೆನ್ನಾಗಿ ತಲುಪಿತ್ತು: ಮೊದಲು ಕಟ್ಟು, ಆಮೇಲೆ ನೋಡ್ಕೊಳ್ಳೋಣ. ನಿಯಮದ ಪ್ರಕಾರ ಜಾಗ ಬಿಟ್ಟ ನಮ್ಮಪ್ಪನಂಥವರು ಬೀದಿಯಲ್ಲಿ ಪೆದ್ದರು.

1949ರಲ್ಲಿ ಶುರುವಾದ ರಾಜಾಜಿನಗರದಲ್ಲಿ, ಆಮೇಲೆ ಬಂದ ವಿಜಯನಗರ, ಬಸವೇಶ್ವರನಗರದಲ್ಲಿ ಹಳೇ ಮನೆ ಎಲ್ಲಾದ್ರೂ ಉಳಿದಿದ್ರೆ ಹೋಗಿ ನೋಡಿ. ಆ ಜನ ನಮಗಿಂತ ಶ್ರೀಮಂತರೇನಲ್ಲ, ಗುಮಾಸ್ತರು, ಕಾರ್ಖಾನೆಯವರು, ಮೇಷ್ಟ್ರುಗಳು. ಚಿಕ್ಕ ಮನೆ, ಮುಂದೆ ಒಂದು ತೆಂಗು, ಪಕ್ಕಕ್ಕೆ ಪಾರಿಜಾತ, ಹಿಂದೆ ಒಗೆಯೋ ಕಲ್ಲು, ಅದರ ನೀರಿಗೆ ಬಾಳೆ. ನಮ್ಮ ವಠಾರದ ಮಾಲೀಕರ ಮನೆಯೂ ಹಾಗೇ ಇತ್ತು. ಅವರು ಹೋದ ಮೇಲೆ ಮಕ್ಕಳು ಕೆಡವಿ ನಾಲ್ಕಂತಸ್ತು ಎಬ್ಬಿಸಿದ್ರು, ಕೆಳಗೆ ಪೂರ್ತಿ ಪಾರ್ಕಿಂಗು. ಪಾರಿಜಾತ ಬೀಳ್ತಿದ್ದ ಜಾಗದಲ್ಲಿ ಈಗ ಎಣ್ಣೆ ಕಲೆ.

ಕೊನೇ ವಾದ, ಬಾಡಿಗೆ. ಇದನ್ನ ನಾನು ನಗೆಯಾಡಲ್ಲ. ಕಾರ್ಖಾನೆಯಿಂದ ನಿವೃತ್ತರಾದವರಿಗೆ ಬರೋ ಇಪಿಎಸ್ ಪಿಂಚಣಿ ಎಷ್ಟು ಅಂತ ಗೊತ್ತಾ? ಕನಿಷ್ಠ ಸಾವಿರ ರೂಪಾಯಿ ಅಂತ 2014ರಲ್ಲಿ ಮಾಡಿದ್ರು. 33 ವರ್ಷ ದುಡಿದ ನಮ್ಮಪ್ಪನಿಗೆ ಬರೋದು ಮೂರು ಸಾವಿರಕ್ಕೂ ಕಡಿಮೆ. ಬಿಪಿ ಮಾತ್ರೆ, ಕರೆಂಟ್ ಬಿಲ್ಲಿಗೆ ಸರಿಹೋಯ್ತು. ಅಂಥವರಿಗೆ ಒಂಬತ್ತು ಸಾವಿರ ಬಾಡಿಗೆ ಅಂದ್ರೆ ಮಕ್ಕಳ ಮುಂದೆ ಕೈ ಚಾಚದೇ ಇರೋ ಧೈರ್ಯ. ಅದಕ್ಕೇ ಈ ಜಾಗದಲ್ಲಿ ನಾನು ಬೈಯೋದು ಅಪ್ಪಂದಿರನ್ನಲ್ಲ, ನಮ್ಮನ್ನ. ನಮ್ಮ ಆಫೀಸಿನವರೇ ಎಷ್ಟು ಜನ ಕನಕಪುರದಾಚೆ, ಸಕಲೇಶಪುರದ ಕಡೆ "ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್" ಅಂತ ಲಕ್ಷಗಟ್ಟಲೆ ಸುರಿದಿದ್ದಾರೆ. ಯಾರೋ ನೆಟ್ಟು, ಯಾರೋ ನೀರು ಹಾಕಿದ ಗಿಡದ ಮುಂದೆ ವರ್ಷಕ್ಕೆರಡು ಸಲ ನಿಂತು ಫೋಟೋ ತೆಗೆಸ್ಕೊಳ್ಳೋಕೆ. ಅದೇ ಜನ ಅಪ್ಪ ಅಮ್ಮ ಇರೋ ಮನೆಯ ಅಂಗಳಕ್ಕೆ ಸಿಮೆಂಟ್ ಸುರಿಸ್ತಾರೆ, ಬಾಡಿಗೆ ಲೆಕ್ಕ ಹೇಳ್ತಾರೆ. ನಾಚಿಕೆ ಆಗಲ್ವಾ? ಆ ಒಂಬತ್ತು ಸಾವಿರವನ್ನ ಈಗ ಪ್ರತಿ ತಿಂಗಳು ಒಂದನೇ ತಾರೀಕು ನಾನು ಅಪ್ಪನ ಖಾತೆಗೆ ಹಾಕ್ತೀನಿ. ಉಪಕಾರ ಅಲ್ಲ, ಹಿತ್ತಲಿನ ಬಾಡಿಗೆ. ಎಕ್ಸೆಲ್ ಶೀಟಲ್ಲಿ ಅದಕ್ಕೊಂದು ಸಾಲು ಇದೆ.

ಎಲ್ಲರಿಗೂ ಅದು ಆಗಲ್ಲ, ಒಪ್ತೀನಿ. ಮನೆ ಕಂತು, ಮಕ್ಕಳ ಸ್ಕೂಲು, ನೂರೆಂಟು ಇರುತ್ತೆ. ಎಂಟಡಿ ಬೇಡ ಬಿಡಿ. ಕಾನೂನೇ ಬಿಡಿ ಅಂತ ಹೇಳಿರೋ ಆ ಮೂರಡಿ ಇದೆಯಲ್ಲ, ಅದಕ್ಕೆ ಸಿಮೆಂಟ್ ಹಾಕ್ಬೇಡಿ. ಅಷ್ಟೇ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಟೈಲ್ಸಿನ ದುಡ್ಡೇ ಉಳಿಯುತ್ತೆ. ಮೂರಡಿಯಲ್ಲಿ ಒಂದು ಕರಿಬೇವು, ಒಂದು ದಾಸವಾಳ, ಒಂದು ಬಸಳೆ ಬಳ್ಳಿ ಆರಾಮಾಗಿ ಬರುತ್ತೆ. ಹೇಗೆ ಅಂತ ಗೊತ್ತಿಲ್ಲದಿದ್ರೆ ಮಳೆ ನೀರಿಗೆ ಜಯನಗರದಲ್ಲಿ ಜಲಮಂಡಳಿಯ ಮಳೆ ನೀರು ಕೊಯ್ಲು ಕೇಂದ್ರ ಇದೆ, ಹೋಗಿ ನೋಡಿ. ಗಿಡಕ್ಕೆ ನಮ್ಮಪ್ಪ ಇದ್ದಾರೆ. ಕೇಳಿದ್ರೆ ಸಾಕು, ಬಿಡೋದು ಕಷ್ಟ :-)

ನಾನು ನೋಡಿದ ಮಟ್ಟಿಗೆ ರಿಟೈರ್ ಆದವರಿಗೆ ಬೇಕಿರೋದು ವಿಶ್ರಾಂತಿ ಅಲ್ಲ. 33 ವರ್ಷ ಕೆಲಸ ಮಾಡಿದ ಕೈಗೆ ಬೆಳಗ್ಗೆ ಎದ್ದು ಹೋಗೋಕೆ ಒಂದು ಜಾಗ ಬೇಕು, "ನಿನ್ನೆ ಹೇಗಿತ್ತು, ಇವತ್ತು ಏನಾಯ್ತು" ಅಂತ ನೋಡೋಕೆ ಏನಾದ್ರೂ ಬೇಕು. ಗ್ರಾನೈಟ್ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇರುತ್ತೆ. ಮೇಂಟೆನೆನ್ಸೇ ಇಲ್ಲ ಅನ್ನೋದು ಅದರ ಹೆಚ್ಚುಗಾರಿಕೆ ಅಲ್ಲ, ಅದೇ ಅದರ ರೋಗ.

ಅಪ್ಪ ಈ ವರ್ಷ ಅವರೆ ಬಳ್ಳಿಯನ್ನ ತಾರಸಿಗೆ ಹಬ್ಬಿಸ್ತಿದ್ದಾರೆ. ಮೂವತ್ತಡಿ ನೈಲಾನ್ ಹಗ್ಗ ಕಟ್ಟಿ, ಬಿಸಿಲು ಇರೋ ಕಡೆ ಅದೇ ಹತ್ತಿಕೊಳ್ಳಲಿ ಅಂತ. ಡಿಸೆಂಬರ್ ಬಂದಾಗ ಹೂ ಬಿಡುತ್ತೋ ಇಲ್ವೋ ನೋಡಬೇಕು.

ಇವತ್ತು ಬೆಳಗ್ಗೆ ಆಫೀಸಿಗೆ ಹೋಗ್ತಾ ಆ ಹೊಸ ಮನೆ ಕಡೆ ನೋಡ್ದೆ. ಕರಿಬೇವಿನ ಸಸಿ ಇನ್ನೂ ಮೆಟ್ಟಿಲ ಮೇಲೇ ಇದೆ, ಕಪ್ಪು ಕವರಲ್ಲೇ. ಕೆಳಗಿನ ಎರಡು ಎಲೆ ಹಳದಿ ಆಗಿದೆ. ಯಜಮಾನ್ರು ಇಸ್ತ್ರಿ ಮಾಡಿದ ಷರ್ಟ್ ಹಾಕ್ಕೊಂಡು ವರಾಂಡದಲ್ಲಿ ಕುರ್ಚಿ ಮೇಲೆ ಕೂತಿದ್ರು.

ಎರಡು ಕಲ್ಲು ಕೀಳಿಸಿ ಸಾರ್. ಎರಡೇ ಎರಡು. ಜರಡಿ ನಮ್ಮನೇಲಿದೆ, ನಾನೇ ತಂದುಕೊಡ್ತೀನಿ.